ಟೀಚರಮ್ಮನ ಹಿಂದಿನ ಚಕ್ರ

ನಮ್ಮ ಕಾಲದ ಸ್ಕೂಟರಿನ ಹಿಂದಿನ ಚಕ್ರ ಬಿಚ್ಚುವುದಕ್ಕೆ ಜಾಕ್ ಬೇಕಿರಲಿಲ್ಲ. ಗಾಡಿಯನ್ನು ಒಂದು ಪಕ್ಕಕ್ಕೆ ಮಲಗಿಸಿದರೆ ಚಕ್ರ ಕೈಗೆ ಸಿಗುತ್ತಿತ್ತು. ನಟ್ಟು ಬಿಚ್ಚಿ, ಸ್ಟೆಪ್ನಿ ಹಾಕಿ, ಕೈ ಒರೆಸಿಕೊಂಡು ಹೊರಟರಾಯಿತು. ಆಫೀಸಿಗೆ ಹೋಗುವವರು ಅಂಗಿಯ ಇಸ್ತ್ರಿ ಕೆಡದಂತೆ ಈ ಕೆಲಸ ಮುಗಿಸುತ್ತಿದ್ದರು. ಟೀಚರಮ್ಮನ ಗಾಡಿಯನ್ನು ಮಾತ್ರ ಹಾಗೆ ಮಲಗಿಸುವಂತಿರಲಿಲ್ಲ.

ಚಿಕ್ಕಂದಿನಲ್ಲಿ ಪೋಲಿಯೊ ಬಂದು ಅವರ ಎರಡೂ ಕಾಲು ಸೊರಗಿದ್ದವು. ಬಲಗಾಲಿಗೆ ಕಬ್ಬಿಣದ ಪಟ್ಟಿ, ಕಂಕುಳಿಗೆ ಊರುಗೋಲು. ಗಾಡಿ ವಾಲದಿರಲಿ ಎಂದು ಹಿಂದಿನ ಚಕ್ರದ ಎರಡು ಪಕ್ಕಕ್ಕೂ ಕಬ್ಬಿಣದ ಚೌಕಟ್ಟು ಕಟ್ಟಿ, ಗಟ್ಟಿ ರಬ್ಬರಿನ ಎರಡು ಚಿಕ್ಕ ಗಾಲಿ ಕೂರಿಸಿದ್ದರು. ಆ ಚೌಕಟ್ಟಿನಿಂದಲೇ ಅವರು ಗಾಡಿ ಓಡಿಸುವಂತಾಗಿದ್ದು. ಪಂಚರ್ ಆದ ದಿನ ಅವರನ್ನು ರಸ್ತೆಯಲ್ಲಿ ಕೂರಿಸುತ್ತಿದ್ದದ್ದೂ ಅದೇ. ಗಾಡಿಯನ್ನು ಜಾಕ್ ಕೊಟ್ಟು ಎತ್ತಬೇಕು, ಚೌಕಟ್ಟಿನ ಒಂದು ಪಕ್ಕ ಕಳಚಬೇಕು, ಆಮೇಲೆ ಚಕ್ರದ ಮಾತು. ಇಬ್ಬರು ಗಟ್ಟಿ ಆಳುಗಳು ಬೆವರು ಸುರಿಸುವ ಕೆಲಸ ಅದು.

ಟೈರು, ಟ್ಯೂಬು ರಿಪೇರಿ ಮಾಡುವ ನನ್ನ ವಲ್ಕನೈಸಿಂಗ್ ಅಂಗಡಿ ಇದ್ದದ್ದು ಯಲಹಂಕದಲ್ಲಿ, ದೊಡ್ಡಬಳ್ಳಾಪುರ ರಸ್ತೆಗೆ ತಿರುಗುವ ಕಡೆ. ಗದಗಿನ ಕಡೆಯವನು ನಾನು. ಕಾರ್ಖಾನೆ ಕೆಲಸಕ್ಕೆಂದು ಬಂದವನು ಸೂಪರ್‌ವೈಸರ್ ಜೊತೆ ಜಗಳ ಆಡಿಕೊಂಡು ಟೈರಿನ ಕಸುಬು ಹಿಡಿದಿದ್ದೆ. ಟೀಚರಮ್ಮ ಕೋಗಿಲಿನಲ್ಲಿ ಅಣ್ಣನ ಮನೆಯಲ್ಲಿದ್ದರು. ರಾಜಾನುಕುಂಟೆ ದಾಟಿ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವರ ಕೆಲಸ. ದಿನಾ ಬೆಳಿಗ್ಗೆ ನನ್ನ ಅಂಗಡಿ ಮುಂದೆ ಹಾರ್ನ್ ಹೊಡೆದು ಹೋಗುವವರು, ಎಂಬತ್ತರ ದಶಕದ ನಡುವೆ ಒಂದು ಭಾನುವಾರ ಗಾಡಿ ನಿಲ್ಲಿಸಿ ಕೇಳಿದರು:

“ಮೇಸ್ತ್ರಿ, ಪಂಚರ್ ಆಗ್ದೇ ಇರೋ ಟೈರ್ ಎಲ್ಲಾದ್ರೂ ಸಿಗತ್ತಾ?”

“ಅಂಥಾದ್ದು ಬಂದ್ರ ನಾ ಅಂಗಡಿ ಮುಚ್ಚಿ ಊರಿಗೆ ಹೋಗೂದ ಅಕ್ಕಾರ,” ಎಂದು ನಕ್ಕೆ.

ಅವರು ನಗಲಿಲ್ಲ. “ಮೊನ್ನೆ ಸ್ಕೂಲಿಂದ ಬರ್ತಾ ದ್ರಾಕ್ಷಿ ತೋಟದ ಹತ್ರ ಹಿಂದಿನ ಚಕ್ರ ಕೂತ್ಬಿಡ್ತು. ಒಂದು ನರಪಿಳ್ಳೆ ಇಲ್ಲ. ಮೈಲಿಗಲ್ಲಿನ ಮೇಲೆ ಕೂತಿದ್ದೆ. ಹಾಲಿನ ವ್ಯಾನಿನವ್ರು ಬಂದು ಗಾಡೀನೂ ಎತ್ತಿ ಹಾಕಿದ್ರು, ನನ್ನೂ ಎತ್ತಿ ಹಾಕಿದ್ರು. ಕ್ಯಾನುಗಳ ಮಧ್ಯೆ ನಾನೂ ಒಂದು ಕ್ಯಾನು. ನಮ್ಮಣ್ಣ ಯಲಹಂಕ ಪೂರ್ತಿ ಹುಡುಕಿದ್ನಂತೆ. ಇನ್ನೊಂದ್ಸಲ ದಾರೀಲಿ ನಿಂತ್ರೆ ಗಾಡಿ ಮಾರ್ತೀನಿ, ಕೆಲ್ಸ ಬಿಟ್ಟು ಮನೇಲಿ ಮಕ್ಕಳಿಗೆ ಪಾಠ ಹೇಳ್ಕೊಂಡಿರು ಅಂದಿದಾನೆ.”

“ಅಂದ್ರ ಅನ್ಲಿ ಬಿಡ್ರಿ. ಕೆಲಸ ನಿಮ್ದು.”

“ಕೆಲ್ಸ ನಂದು. ಗಾಡಿ ಅವನ ಹೆಸರಲ್ಲಿದೆ ಮೇಸ್ತ್ರಿ.”

ಬಸ್ಸಿನ ಮಾತು ನಾನು ಎತ್ತಲಿಲ್ಲ. ಆ ದಾರಿಯ ಬಸ್ಸುಗಳಿಗೆ ಜನ ಬಾಗಿಲಲ್ಲೇ ಜೋತುಬೀಳುತ್ತಿದ್ದರು, ಮೆಟ್ಟಿಲು ಬೇರೆ ಮಂಡಿಯೆತ್ತರ. ಗಾಡಿ ಹೋದರೆ ಶಾಲೆಯೂ ಹೋದಂತೆಯೇ. ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಆಗ ಅಟ್ಟದ ಮೇಲಿದ್ದ ಟೈರು ನೆನಪಾದವು. ಹಡಗಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬರು ಯಾವುದೋ ಬಂದರಿನಿಂದ ಟ್ಯೂಬ್‌ಲೆಸ್ ಟೈರು ಎರಡು ತಂದಿದ್ದರು, ಜೊತೆಗೆ ಕಾಗದದ ಪೊಟ್ಟಣದಲ್ಲಿ ನಾಲ್ಕು ರಬ್ಬರ್ ವಾಲ್ವು. ಅಳತೆಯೇನೋ ನಮ್ಮ ಸ್ಕೂಟರಿನದೇ. ಆದರೆ ಆ ಟೈರಿಗೆ ಒಂದೇ ತುಂಡಿನ ರಿಮ್ಮು ಬೇಕು, ನಮ್ಮ ಸ್ಕೂಟರಿನದು ಎರಡು ತಟ್ಟೆಯ ರಿಮ್ಮು. “ಇದು ನಿಮ್ಮ ಗಾಡಿಗೆ ಆಗಂಗಿಲ್ರಿ” ಎಂದದ್ದಕ್ಕೆ ಬೇಜಾರಾಗಿ, ನೀವೇ ಇಟ್ಟುಕೊಳ್ಳಿ ಎಂದು ಬಿಟ್ಟುಹೋಗಿದ್ದರು. ಟ್ಯೂಬ್ ಇರುವ ಚಕ್ರ ಮೊಳೆ ತಾಗಿದ ಕೂಡಲೇ ಕೂತುಬಿಡುತ್ತದೆ. ಟ್ಯೂಬ್ ಇಲ್ಲದ ಟೈರಿನಲ್ಲಿ ಮೊಳೆಯನ್ನು ರಬ್ಬರೇ ಕಚ್ಚಿ ಹಿಡಿಯುತ್ತದೆ, ಗಾಳಿ ನಿಧಾನಕ್ಕೆ ಇಳಿಯುತ್ತದೆ. ಊರು ಸೇರುವಷ್ಟು ಹೊತ್ತು ಸಿಕ್ಕರೆ ಅವರಿಗೆ ಅಷ್ಟೇ ಸಾಕಲ್ಲ ಎಂದು ನನ್ನ ಲೆಕ್ಕ.

“ಪಂಚರ್ ಆಗೂದಿಲ್ಲ ಅಂತ ಹೇಳಂಗಿಲ್ಲ. ದಾರ್ಯಾಗ ಕೂಡ್ರೂದಿಲ್ಲ ಅಂತ ಹೇಳ್ತೀನಿ,” ಎಂದೆ. ಆಡಿದ ಮೇಲೆ ಹೆದರಿಕೆಯಾಯಿತು. ನಾನು ಅಂಥ ವಾಲ್ವು ಕೈಯಲ್ಲಿ ಹಿಡಿದಿದ್ದೇ ಹೊರತು ಒಂದನ್ನಾದರೂ ಕೂರಿಸಿದವನಲ್ಲ.

ಅವರ ಗಾಡಿಗೆ ಸ್ಟೆಪ್ನಿ ಹಾಕಿ ಕಳಿಸಿ, ಹಿಂದಿನ ಚಕ್ರವನ್ನು ನನ್ನ ಮುಂದೆ ಇಟ್ಟುಕೊಂಡೆ. ಮುಂದಿನ ಚಕ್ರದ ಗೊಡವೆಗೆ ಹೋಗಲಿಲ್ಲ. ಮೊಳೆಯನ್ನು ಎಬ್ಬಿಸುವುದು ಮುಂದಿನ ಚಕ್ರ, ಚುಚ್ಚಿಸಿಕೊಳ್ಳುವುದು ಹಿಂದಿನದು.

ಸ್ಕೂಟರಿನ ರಿಮ್ಮು ನೋಡದವರಿಗೆ ಒಂದು ಮಾತು. ಎರಡು ತಗಡಿನ ತಟ್ಟೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಐದು ನಟ್ಟಿನಿಂದ ಬಿಗಿದಿರುತ್ತಾರೆ. ಪಂಚರ್ ಹಾಕುವವನು ಆ ಐದು ನಟ್ಟು ಬಿಚ್ಚಿದರೆ ರಿಮ್ಮು ಹೋಳಾಗಿ ಟೈರು, ಟ್ಯೂಬು ಸಲೀಸಾಗಿ ಆಚೆ ಬರುತ್ತವೆ. ಟ್ಯೂಬಿನ ವಾಲ್ವು ಹೊರಗೆ ಇಣುಕಲು ಒಂದು ತಟ್ಟೆಯಲ್ಲಿ ಉದ್ದನೆಯ ಕಂಡಿ ಇರುತ್ತದೆ. ಟ್ಯೂಬು ಇದ್ದಾಗ ಈ ಸಂದಿ, ಕಂಡಿಗಳಿಂದ ಯಾವ ತೊಂದರೆಯೂ ಇಲ್ಲ. ಟ್ಯೂಬು ತೆಗೆದರೆ ಎಲ್ಲವೂ ಗಾಳಿ ಓಡಿಹೋಗುವ ದಾರಿಯೇ.

ರಬ್ಬರ್ ವಾಲ್ವು ಗುಂಡನೆಯ ತೂತಿಗೆಂದು ಮಾಡಿದ್ದು. ಅದರ ಬುಡದಲ್ಲಿ ಒಂದು ಸಣ್ಣ ತೋಡು ಇರುತ್ತದೆ, ತೂತಿನ ಅಂಚು ಆ ತೋಡಿನೊಳಗೆ ಕೂತು ಸುತ್ತಲೂ ಸಮನಾಗಿ ಕಚ್ಚಬೇಕು. ಉದ್ದನೆಯ ಕಂಡಿಯಲ್ಲಿ ಅದು ಹೇಗೆ ಕೂತೀತು? ಕಂಡಿ ಮುಚ್ಚಿ, ಹೊಸ ತೂತು ಕೊರೆಯಬೇಕು. ಪಕ್ಕದ ಶೆಡ್ಡಿನಲ್ಲಿದ್ದ ವೆಲ್ಡಿಂಗ್ ಭಾಯಿಯ ಹತ್ತಿರ ತಟ್ಟೆ ಒಯ್ದೆ.

“ಕರೆಂಟ್ ವೆಲ್ಡಿಂಗ್ ಹೊಡೆದ್ಬಿಡು ಭಾಯಿ, ಜಲ್ದಿ ಆಗ್ತದ.”

“ಅರೆ, ಪತ್ಲಾ ತಗಡು ಇದು. ಕರೆಂಟ್ ಹೊಡೆದ್ರೆ ಹಪ್ಪಳ ಆಗ್ತದೆ. ಗ್ಯಾಸ್‌ನಲ್ಲಿ ಹಿತ್ತಾಳೆ ಹಾಕಣ. ಅರ್ಜೆಂಟ್ ಇದ್ರೆ ಬೇರೆ ಕಡೆ ಹೋಗಿ.”

ನನಗೆ ಅರ್ಜೆಂಟಿತ್ತು. ಸಿಟ್ಟಿನಿಂದ ಬೇರೆ ಕಡೆಗೇ ಹೋದೆ. ಕರೆಂಟ್ ವೆಲ್ಡಿಂಗ್ ಹೊಡೆಸಿಕೊಂಡು ಬಂದು ಎರಡು ತಟ್ಟೆ ಕೂಡಿಸಿ ನೋಡಿದರೆ, ನಡುವೆ ಬೆಳಕು ಕಾಣುತ್ತಿತ್ತು. ತಗಡು ಸೊಟ್ಟಗಾಗಿತ್ತು. ಗುಜರಿಯಿಂದ ಇನ್ನೊಂದು ತಟ್ಟೆ ಹುಡುಕಿ ತಂದು ಭಾಯಿಯ ಮುಂದೆ ಸುಮ್ಮನೆ ಇಟ್ಟೆ. ಅವನು ಮೀಸೆಯೊಳಗೇ ನಕ್ಕ. ಕಂಡಿಯ ಸುತ್ತ ಒದ್ದೆ ಗೋಣಿ ಹೊದಿಸಿ, ಒಳಗಿಂದ ತುಂಡು ತಗಡು ಕೊಟ್ಟು, ಹಿತ್ತಾಳೆ ಕಡ್ಡಿ ಕರಗಿಸಿ ಕಂಡಿ ಮುಚ್ಚಿದ. ತಟ್ಟೆ ಒಂದಿಷ್ಟೂ ಸೊಟ್ಟಗಾಗಲಿಲ್ಲ.

ತೂತು ಕೊರೆದು ಮೊದಲ ವಾಲ್ವಿಗೆ ಸೋಪಿನ ನೀರು ಹಚ್ಚಿ ಒಳಗಿಂದ ಎಳೆದೆ. ಬುಡ ಚರ್ರೆಂದು ಹರಿಯಿತು. ಡ್ರಿಲ್ಲಿನ ಅಂಚು ಬ್ಲೇಡಿನ ಹಾಗೆ ಉಳಿದಿತ್ತು, ಅದನ್ನು ಬೆರಳಿಗೆ ತಿಳಿಯದಷ್ಟು ನಯ ಮಾಡದೆ ಎಳೆದದ್ದು ನನ್ನ ಆತುರ. ಅರ ಹಾಕಿ, ಎಮರಿ ಕಾಗದ ತಿಕ್ಕಿ, ಎರಡನೆಯದನ್ನು ಎಳೆದಾಗ ಟಪ್ಪೆಂದು ಕೂತಿತು. ಆ ಸದ್ದು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಭಾಯಿಯನ್ನು ಕರೆದು ಚಹಾ ಕುಡಿಸಿದೆ.

ಉಳಿದದ್ದು ಎರಡು ತಟ್ಟೆಗಳ ನಡುವಿನ ಸಂದಿ. ಬೋಲ್ಟು ಬೀಳುವ ಜಾಗದಲ್ಲಿ ಕಬ್ಬಿಣಕ್ಕೆ ಕಬ್ಬಿಣವೇ ತಾಗಬೇಕು. ಅಲ್ಲಿ ರಬ್ಬರು ಕೊಟ್ಟರೆ ಓಡುತ್ತ ಓಡುತ್ತ ನಟ್ಟು ಸಡಿಲವಾಗುತ್ತದೆ. ಅದಕ್ಕೇ ಬೋಲ್ಟುಗಳ ಹೊರಗೆ, ಗಾಳಿ ನಿಲ್ಲುವ ಕಡೆಗೆ ಮಾತ್ರ ಕೂರುವಂತೆ, ಲಾರಿ ಟ್ಯೂಬಿನಿಂದ ಎಲ್ಲೂ ಜೋಡಣೆಯಿಲ್ಲದ ತೆಳು ಉಂಗುರ ಕತ್ತರಿಸಿದೆ. ಎರಡು ಮುಖಕ್ಕೂ ಪಂಚರಿಗೆ ಹಾಕುವ ಸಲ್ಯೂಶನ್ ಅಂಟು ಬಳಿದು, ಟೈರು ನಡುವಿಟ್ಟು, ನಟ್ಟುಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿದು ಮರುದಿನದವರೆಗೆ ಮುಟ್ಟಲಿಲ್ಲ. ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಇಂಥ ಸಂತೋಷ ನನಗೆ ಆ ಅಂಗಡಿಯಲ್ಲಿ ಹೆಚ್ಚು ಸಲ ಸಿಕ್ಕಿಲ್ಲ.

ಟೀಚರಮ್ಮ ರಜೆಯ ದಿನ ಗಾಡಿ ತಂದರು, ಚಕ್ರ ಹಾಕಿದೆ. ಸಂಜೆಗೆ ಗಾಳಿ ಅರ್ಧ ಇಳಿದಿತ್ತು. ಚಕ್ರ ಬಿಚ್ಚಿ ತೊಟ್ಟಿಗೆ ಹಾಕಿದರೆ ಗುಳ್ಳೆ ಇಲ್ಲ. ಮತ್ತೆ ಗಾಡಿಗೆ ಹಾಕಿದರೆ ಗಾಳಿ ಇಳಿಯುತ್ತದೆ. ಬಿಚ್ಚಿದರೆ ಇಲ್ಲ, ಹಾಕಿದರೆ ಉಂಟು. ನನಗೆ ತಲೆ ಕೆಟ್ಟು ಸ್ಪ್ಯಾನರ್ ಬೀದಿಗೆ ಎಸೆದೆ. ಟೀಚರಮ್ಮ ಅಂಗಡಿಯ ಮುರುಕು ಕುರ್ಚಿಯಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದವರು ತಲೆಯೆತ್ತಿ ನೋಡಿದರು.

“ಎತ್ಕೊಂಡು ಬನ್ನಿ ಮೇಸ್ತ್ರಿ. ನನ್ನ ಕ್ಲಾಸಲ್ಲಾಗಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ,” ಎಂದು ಮತ್ತೆ ಪತ್ರಿಕೆಗೆ ಬಗ್ಗಿದರು. ಹೋಗಿ ಎತ್ತಿಕೊಂಡು ಬಂದೆ.

ಅವರ ಕೈಚೀಲದಲ್ಲಿ ಸೀಮೆಸುಣ್ಣ ಇತ್ತು. ಒಂದು ತುಂಡು ಕೇಳಿ ಪಡೆದು, ವಾಲ್ವಿಗೆಲ್ಲ ಸುಣ್ಣ ಬಳಿದು ಚಕ್ರ ಹಾಕಿ ಬಿಗಿದು ಬಿಚ್ಚಿದೆ. ಬ್ರೇಕ್ ಡ್ರಮ್ಮಿನ ಮೇಲೆ ಬಿಳಿ ಗೀರು ಬಿದ್ದಿತ್ತು. ಟ್ಯೂಬಿನ ವಾಲ್ವು ಬಾಗಿರುತ್ತದೆ, ಡ್ರಮ್ಮಿನಿಂದ ತಪ್ಪಿಸಿಕೊಂಡು ಹೊರಕ್ಕೆ ತಿರುಗುತ್ತದೆ. ಈ ರಬ್ಬರ್ ವಾಲ್ವು ನೆಟ್ಟಗೆ ನಿಂತಿತ್ತು. ಚಕ್ರ ಬಿಗಿದೊಡನೆ ಡ್ರಮ್ಮು ಅದರ ತಲೆಯನ್ನು ಒತ್ತಿ, ಬುಡ ಒಂದು ಕಡೆ ಏಳುತ್ತಿತ್ತು. ಹಳೆಯ ಕಂಡಿ ಇದ್ದ ಜಾಗದಲ್ಲೇ, ಡ್ರಮ್ಮಿನ ಕಡೆಯ ತಟ್ಟೆಯಲ್ಲಿ, ಹೊಸ ತೂತು ಕೊರೆದಿದ್ದೆ ನಾನು. ತೂತು ಹೊರಗಿನ ತಟ್ಟೆಯ ಇಳಿಜಾರಿನಲ್ಲಿ ಬರಬೇಕಿತ್ತು. ಭಾಯಿ ಮತ್ತೆ ಹಿತ್ತಾಳೆ ಕರಗಿಸಿ ಆ ತೂತು ಮುಚ್ಚಿದ, ಹೊರಗಿನ ತಟ್ಟೆಯಲ್ಲಿ ಬೇರೆ ತೂತು ಕೊರೆದೆ. ಡ್ರಮ್ಮಿಗೆ ಒತ್ತಿಸಿಕೊಂಡ ವಾಲ್ವಿನ ಬುಡ ಬಿರುಕು ಬಿಟ್ಟಿತ್ತು, ಮೂರನೆಯದನ್ನು ಹಾಕಿದೆ. ಪೊಟ್ಟಣದಲ್ಲಿ ಒಂದೇ ಒಂದು ಉಳಿಯಿತು.

ಈ ಸಲ ಗಾಳಿ ನಿಂತಿತು. ಟೀಚರಮ್ಮ ದಿನಾ ಹೋಗುವಾಗ ಒಂದು ಹಾರ್ನ್ ಹೊಡೆದರೆ ಸರಿ ಇದೆ ಎಂದು, ಎರಡು ಹೊಡೆದರೆ ಗಾಳಿ ನೋಡಬೇಕು ಎಂದು ನಮ್ಮಲ್ಲಿ ಮಾತಾಗಿತ್ತು. ವಾರಗಟ್ಟಲೆ ಒಂದೇ ಹಾರ್ನು. ನಾನು ಬಂದ ಗಿರಾಕಿಗಳಿಗೆಲ್ಲ ಕೊಚ್ಚಿಕೊಳ್ಳಲು ಶುರುಮಾಡಿದೆ.

ಆಮೇಲೊಂದು ಸಂಜೆ ಅವರ ಅಣ್ಣ ಸೈಕಲ್ ತಂದು ಅಂಗಡಿ ಮುಂದೆ ಹಾಕಿದರು. ಅಲ್ಲಿಯವರೆಗೆ ನಾನು ಅವರನ್ನು ನೋಡಿರಲಿಲ್ಲ.

“ಏನ್ರೀ, ಕಾಲಿಲ್ಲದ ಹೆಣ್ಮಗಳ ಗಾಡಿ ಟ್ಯೂಬ್ ಕದೀತೀರಲ್ಲ, ನಾಚ್ಕೆ ಆಗಲ್ವಾ ನಿಮ್ಗೆ?”

ನನಗೆ ಮೈಯೆಲ್ಲ ಉರಿಯಿತು. ಇನ್ನೇನು ಕೈ ಕೈ ಮಿಲಾಯಿಸಬೇಕು, ಅಷ್ಟರಲ್ಲಿ ಟೀಚರಮ್ಮನ ಗಾಡಿ ಬಂದು ನಿಂತಿತು. ನಡೆದದ್ದನ್ನು ಹೇಳಿದವರು ಅವರೇ.

ಶಾಲೆಯಿಂದ ಬರುವಾಗ ಅದೇ ದ್ರಾಕ್ಷಿ ತೋಟದ ಹತ್ತಿರ ಗಾಡಿಯ ಹಿಂಭಾಗ ಎಳೆದಂತಾಗಿದೆ. ನೋಡಿದರೆ ಟೈರಿನಲ್ಲಿ ಮೊಳೆ. ಹೆದರಿದರೂ ನಿಲ್ಲಿಸದೆ ನಿಧಾನವಾಗಿ ಓಡಿಸಿಕೊಂಡು ರಾಜಾನುಕುಂಟೆ ಮುಟ್ಟಿದ್ದಾರೆ. ನಾನು ಕೊಟ್ಟ ಮಾತು ಅಲ್ಲಿಯವರೆಗೆ ಉಳಿದಿತ್ತು. ಅಲ್ಲಿನ ಪಂಚರ್ ಅಂಗಡಿಯವನು ಒಳ್ಳೆಯ ಮನುಷ್ಯ. ನಾಲ್ಕು ಜನರನ್ನು ಕೂಗಿ ಗಾಡಿ ಎತ್ತಿಸಿ ಚಕ್ರ ಇಳಿಸಿದ್ದಾನೆ. ಇದರಲ್ಲಿ ಟ್ಯೂಬ್ ಇಲ್ಲಪ್ಪ ಎಂದು ಇವರು ಹೇಳಿದರೆ ನಕ್ಕುಬಿಟ್ಟಿದ್ದಾನೆ. ಟ್ಯೂಬಿಲ್ಲದೆ ಗಾಳಿ ಎಲ್ಲಿ ನಿಲ್ಲುತ್ತದೆ, ತೋರಿಸುತ್ತೇನೆ ತಾಳಿ ಎಂದು ಐದು ನಟ್ಟು ಬಿಚ್ಚಿ ರಿಮ್ಮನ್ನು ಎರಡು ಹೋಳು ಮಾಡಿದ್ದಾನೆ. ನೋಡಿದರೆ ಟ್ಯೂಬು ನಿಜಕ್ಕೂ ಇಲ್ಲ! ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸೇರಿ, ಯಲಹಂಕದ ಮೇಸ್ತ್ರಿ ಟ್ಯೂಬ್ ಹೊಡೆದಿದ್ದಾನೆ ಎಂದು ತೀರ್ಪು ಕೊಟ್ಟಿದ್ದಾರೆ. ಪಂಚರಿನವನು ನನ್ನ ವಾಲ್ವನ್ನು ಬ್ಲೇಡಿನಿಂದ ಕೊಯ್ದು ತೆಗೆದು, ತನ್ನದೇ ಒಂದು ಹಳೆಯ ಟ್ಯೂಬ್ ಹಾಕಿ, ದುಡ್ಡು ಬೇಡ ತಾಯಿ ಎಂದು ಕಳಿಸಿದ್ದಾನೆ. ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಅಣ್ಣ ಬಾಗಿಲಲ್ಲೇ ನಿಂತಿದ್ದರು.

“ನಾನು ದಾರೀಲಿ ನಿಲ್ಲಲಿಲ್ಲ ಅಣ್ಣ, ಅಂಗಡಿ ಮುಂದೆ ನಿಂತಿದ್ದು,” ಎಂದರು ಟೀಚರಮ್ಮ.

“ಎಲ್ಲಿ ನಿಂತ್ರೇನು? ನಾಲ್ಕು ಜನ ಎತ್ತಬೇಕಾಯ್ತು ತಾನೆ? ಈ ತಿಂಗಳು ಮುಗೀಲಿ, ಆಮೇಲೆ ಸಾಕು.” ಅವರ ದನಿಯಲ್ಲಿ ಸಿಟ್ಟಿಗಿಂತ ಭಯ ಜಾಸ್ತಿ ಇತ್ತು. ಕಾದು ಕಾದು ಸೋತವರ ದನಿ ಅದು. ನನ್ನ ಸಿಟ್ಟೂ ತಾನಾಗಿ ಇಳಿಯಿತು.

ಮರುದಿನ ಜಗಳಕ್ಕೆಂದೇ ರಾಜಾನುಕುಂಟೆಗೆ ಹೋದೆ. ಪಂಚರಿನವನು ಕೊಯ್ದ ವಾಲ್ವನ್ನು ಡಬ್ಬಿಯಲ್ಲಿ ಇಟ್ಟಿದ್ದ. ಕಳ್ಳತನಕ್ಕೆ ಸಾಕ್ಷಿ ಬೇಕಲ್ಲ!

“ನಾನೇನ್ ತಪ್ಪು ಮಾಡ್ದೆ ನೀವೇ ಏಳಿ ಸಾಮಿ? ಚಕ್ರ ಬಂತು, ನಟ್ಟು ಬಿಚ್ಚಿದೆ. ಇಷ್ಟು ವರ್ಸ ಇಂಗೇ ಬಿಚ್ಕಂಡ್ ಬಂದಿವ್ನಿ. ಆ ಯಮ್ಮ ದಾರೀಲಿ ಕುಂತಿರ್ಬೇಕಿತ್ತಾ?”

ಆ ರಸ್ತೆಯಲ್ಲಿ ಯಾರ ಮುಂದೆ ಆ ಚಕ್ರ ಉರುಳಿಸಿದರೂ ಅವರ ಕೈ ಮೊದಲು ಹೋಗುವುದು ಆ ಐದು ನಟ್ಟಿಗೇ. ನನ್ನ ಕೈಯೂ ಅಷ್ಟೇ. ಉಂಗುರ ಹರಿದಿತ್ತು, ವಾಲ್ವು ಹೋಗಿತ್ತು. ನಟ್ಟಿಗೆ ಕೆಂಪು ಬಣ್ಣ ಬಳಿದು ‘ಬಿಚ್ಚಬೇಡಿ’ ಎಂದು ಬರೆಯಲೇ, ಬೋಲ್ಟಿನ ತುದಿ ಜಜ್ಜಿ ಯಾರೂ ಬಿಚ್ಚದ ಹಾಗೆ ಮಾಡಲೇ ಎಂದು ಯೋಚಿಸಿದೆ. ಬಿಚ್ಚಲು ಬಾರದ ಚಕ್ರ ಮಾಡುವುದು ನಮ್ಮ ಕಸುಬಿಗೆ ಒಪ್ಪುವ ಮಾತಲ್ಲ. ಉಳಿದ ಒಂದು ವಾಲ್ವನ್ನು ಹಾಕಿ ಅದೂ ಹೋದರೆ ಆಮೇಲೇನು? ಟ್ಯೂಬೇ ಇರಲಿ, ನನ್ನ ಕೈಲಾದದ್ದು ಇಷ್ಟೇ ಎಂದು ಹೇಳಿಬಿಡಲು ಮನಸ್ಸು ಮಾಡಿದೆ. ಹೇಳುವ ಧೈರ್ಯ ಬರಲಿಲ್ಲ.

ಆ ವಾರ ರಬ್ಬರ್ ಸಾಮಾನು ತರಲು ಯಶವಂತಪುರಕ್ಕೆ ಹೋಗಿದ್ದೆ. ಮಾರ್ಕೆಟ್ ಯಾರ್ಡಿನಲ್ಲಿ ಒಂದು ಲಾರಿಗೆ ಈರುಳ್ಳಿ ತುಂಬುತ್ತಿದ್ದರು. ಕೆಳಗಿನ ಸಾಲಿನ ಒಂದು ಮೂಟೆ ಒಡೆದು ಈರುಳ್ಳಿ ಉದುರತೊಡಗಿತು. ಮೇಲೆ ಹತ್ತಾರು ಮೂಟೆ ಇದ್ದವು. ಹಮಾಲಿ ಒಬ್ಬ ಏನೊಂದೂ ಇಳಿಸಲಿಲ್ಲ. ಟೋಪಿಗೆ ಸಿಕ್ಕಿಸಿದ್ದ ದಬ್ಬಳ ತೆಗೆದು, ಸುತಲಿ ಪೋಣಿಸಿ, ಮೂಟೆ ಇದ್ದಲ್ಲೇ ಹೊರಗಿಂದ ನಾಲ್ಕು ಹೊಲಿಗೆ ಹಾಕಿ ಮುಂದೆ ಹೋದ.

ನಾನು ಅಲ್ಲೇ ನಿಂತುಬಿಟ್ಟೆ. ಟ್ಯೂಬು ಟೈರಿನ ಒಳಗೆ ಅವಿತಿರುತ್ತದೆ, ಅದಕ್ಕೇ ಚಕ್ರ ಬಿಚ್ಚಬೇಕು. ಟ್ಯೂಬೇ ಇಲ್ಲದ ಮೇಲೆ ತೂತು ಇರುವುದು ಟೈರಿಗೆ, ಅದು ಹೊರಗೇ ಕಾಣುತ್ತದೆ. ಚಕ್ರವನ್ನು ಯಾಕೆ ಇಳಿಸಬೇಕು? ಗಾಡಿಯನ್ನು ಯಾಕೆ ಎತ್ತಬೇಕು? ಅವರು ಊರು ಮುಟ್ಟಿದರೆ ಸಾಕು, ಮುಂದಿನದು ಕಸುಬಿನವರ ಪಾಲು ಎಂದಷ್ಟೇ ನಾನು ಅಲ್ಲಿಯವರೆಗೆ ಯೋಚಿಸಿದ್ದೆ. ಅವರೇ ರಿಪೇರಿ ಮಾಡಿಕೊಳ್ಳಬಹುದು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಹಮಾಲಿಗಳಿಗೆ ಮಾರುವ ಅಂಗಡಿಯಲ್ಲಿ ಅತಿ ದಪ್ಪದ ದಬ್ಬಳ ಕೊಂಡು ಯಲಹಂಕಕ್ಕೆ ವಾಪಸಾದೆ.

ದಬ್ಬಳಕ್ಕೆ ಭಾಯಿ ಅಡ್ಡ ಹಿಡಿ ಬೆಸೆದುಕೊಟ್ಟ. ಸುತಲಿಯನ್ನು ಹೊಸೆದು ಸಲ್ಯೂಶನ್ನಿನಲ್ಲಿ ಅದ್ದಿ, ಕಚ್ಚಾ ರಬ್ಬರ್ ಮೆತ್ತಿ ಅಂಟಂಟು ದಾರ ಮಾಡಿದೆ. ದಾರವನ್ನು ಮೊಳೆಯ ತೂತಿಗೆ ತುರುಕಿ ದಬ್ಬಳ ಎಳೆದರೆ ದಾರವೂ ಜೊತೆಗೇ ಬರುತ್ತಿತ್ತು. ಹಳೆ ಟೈರಿನ ಮೇಲೆ ಎಷ್ಟು ಸಲ ಮಾಡಿದರೂ ಅದೇ ಹಾಡು. ಕೊನೆಗೆ ದಬ್ಬಳದ ಕಣ್ಣಿನ ಒಂದು ಪಕ್ಕವನ್ನು ಅರದಿಂದ ಸೀಳಿದೆ. ಈಗ ಎಳೆದಾಗ ದಾರ ಆ ಸೀಳಿನಿಂದ ಜಾರಿ ಟೈರಿನಲ್ಲೇ ಉಳಿಯುತ್ತಿತ್ತು. ಹೊಸ ಉಂಗುರ ಕತ್ತರಿಸಿ, ಅಟ್ಟದ ಮೇಲೆ ಉಳಿದಿದ್ದ ಎರಡನೆಯ ಟೈರು ಇಳಿಸಿದೆ. ಪೊಟ್ಟಣದ ಕೊನೆಯ ವಾಲ್ವನ್ನು ಸೋಪಿನ ನೀರು ಧಾರಾಳವಾಗಿ ಹಚ್ಚಿ ಎಳೆದೆ. ಟಪ್ಪೆಂದಿತು.

ಆ ಚಕ್ರವನ್ನು ಟೀಚರಮ್ಮನ ಗಾಡಿಗೆ ಹಾಕಿ, ದಬ್ಬಳದ ಉಪಾಯ ಹೇಳಿದೆ. ಅವರು ದಬ್ಬಳ ತಿರುಗಿಸಿ ನೋಡಿ, “ಭಾನುವಾರ ಅಣ್ಣನ್ನ ಕರ್ಕೊಂಡ್ ಬರ್ತೀನಿ,” ಎಂದರು.

ಬಂದರು. ಅಣ್ಣ ಕೈ ಕಟ್ಟಿಕೊಂಡು ದೂರ ನಿಂತರು. ಹಳೆಯ ಟೈರಿನ ಮೇಲೆ ತೋರಿಸೋಣ ಎಂದು ನಾನು ಒಂದು ಟೈರು ಎಳೆಯುತ್ತಿದ್ದೆ.

“ಅದು ಬೇಡ ಮೇಸ್ತ್ರಿ. ಒಂದು ಮೊಳೆ, ಸುತ್ತಿಗೆ ಕೊಡಿ.”

“ಯಾಕ್ರಿ ಅಕ್ಕಾರ?”

“ಕೊಡಿ ಅಂದ್ನಲ್ಲ.”

ಗೋಣಿಚೀಲ ಹಾಸಿ, ಊರುಗೋಲು ಪಕ್ಕಕ್ಕಿಟ್ಟು ಗಾಡಿಯ ಹಿಂದೆ ನೆಲದ ಮೇಲೆ ಕೂತರು. ಕೂತವರೇ ಮೊಳೆಯನ್ನು ಹೊಸ ಟೈರಿಗೆ ಇಟ್ಟು ಹೊಡೆದೇಬಿಟ್ಟರು. “ಅಯ್ಯೋ, ಬ್ಯಾಡ್ರೀ!” ಎಂದು ನಾನು ಕೂಗುವ ಹೊತ್ತಿಗೆ ಮೊಳೆ ತಲೆಯವರೆಗೂ ಒಳಗೆ ಹೋಗಿತ್ತು. ಇಷ್ಟು ದಿನದ ಕೆಲಸ, ಬೇರೆಲ್ಲೂ ಸಿಗದ ವಾಲ್ವು, ಎಲ್ಲ ಆ ಚಕ್ರದಲ್ಲಿತ್ತು. ಅವರಿಗೋ ಅದಕ್ಕಿಂತ ದೊಡ್ಡದೇ ಅದರಲ್ಲಿತ್ತು.

ಇಕ್ಕಳದಿಂದ ಮೊಳೆ ಕಿತ್ತರು. ಗಾಳಿ ಸುಯ್ಯೆಂದಿತು. ದಬ್ಬಳ ಒತ್ತಿದರೆ ಹೋಗಲಿಲ್ಲ. ಅಣ್ಣ ಒಂದು ಹೆಜ್ಜೆ ಮುಂದಿಟ್ಟರು.

“ನೀನು ಅಲ್ಲೇ ಇರು.”

ಎರಡೂ ಕೈ ಹಿಡಿಯ ಮೇಲಿಟ್ಟು ಮೈಭಾರ ಬಿಟ್ಟರು. ವರ್ಷಗಟ್ಟಲೆ ಊರುಗೋಲಿನ ಮೇಲೆ ಇಡೀ ಮೈ ಹೊತ್ತ ತೋಳುಗಳು, ನನ್ನ ತೋಳಿಗಿಂತ ಗಟ್ಟಿ. ದಬ್ಬಳ ಒಳಹೋಯಿತು. ಎಳೆದರೆ ದಾರವೂ ಈಚೆ ಬಂತು. ಅಣ್ಣ ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ. ಟೀಚರಮ್ಮ ಇನ್ನೊಂದು ದಾರ ಪೋಣಿಸಿ, ದಬ್ಬಳವನ್ನು ಒಂದಿಷ್ಟು ತಿರುಚಿ ಜಗ್ಗಿದರು. ದಾರ ಒಳಗೇ ಉಳಿಯಿತು. ತುದಿಯನ್ನು ಬ್ಲೇಡಿನಿಂದ ಕತ್ತರಿಸಿ, ಪಂಪು ತೊಡೆಯ ನಡುವೆ ಇಟ್ಟುಕೊಂಡು ಕೂತಲ್ಲೇ ಗಾಳಿ ಹೊಡೆದರು. ಆಮೇಲೆ ಬೆರಳಿಗೆ ಎಂಜಲು ಮಾಡಿಕೊಂಡು ದಾರದ ಮೇಲೆ ಹಚ್ಚಿ ಬಗ್ಗಿ ನೋಡಿದರು. ನಮ್ಮ ಕಸುಬಿನವರೆಲ್ಲ ಗಾಳಿ ನೋಡುವುದು ಹಾಗೆಯೇ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ, ಅಂಗಡಿಯಲ್ಲಿ ಕೂತು ನೋಡಿ ಕಲಿತದ್ದು.

“ಥೂ, ಎಂಜಲು ಹಚ್ತಿದೀಯಲ್ಲೇ, ಟೀಚರ್ ಆಗಿ!” ಎಂದರು ಅಣ್ಣ.

“ಗುಳ್ಳೆ ಬರ್ತಿದ್ಯಾ ನೋಡು ಬಾ.”

ಅಣ್ಣ ಮಂಡಿಯೂರಿ ಬಗ್ಗಿ ಬಹಳ ಹೊತ್ತು ನೋಡಿದರು. ಗುಳ್ಳೆ ಇರಲಿಲ್ಲ. ಎದ್ದು ನಿಂತು ಕಣ್ಣು ಒರೆಸಿಕೊಂಡರು, ಧೂಳು ಎಂದರು. ಆ ದಿನ ಬೀದಿಯಲ್ಲಿ ಧೂಳು ಇದ್ದದ್ದೂ ನಿಜವೇ. ಗಾಡಿ ಮಾರುವ ಮಾತು ಯಾರೂ ಎತ್ತಲಿಲ್ಲ. ತಿಂಗಳು ಮುಗಿಯಿತು, ಹಾರ್ನು ಮಾತ್ರ ದಿನಾ ಕೇಳುತ್ತಲೇ ಇತ್ತು.

ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಮಧ್ಯಾಹ್ನ ಟೀಚರಮ್ಮ ಅಂಗಡಿ ಮುಂದೆ ನಿಲ್ಲಿಸಿದರು. ಸೆರಗಿನ ಅಂಚಿಗೆ ಮಣ್ಣು, ಬೆರಳ ತುದಿಗೆಲ್ಲ ಕಪ್ಪು.

“ಏನಾತ್ರಿ ಅಕ್ಕಾರ?”

“ದಾರ ಮುಗಿದೋಯ್ತು ಮೇಸ್ತ್ರಿ. ಇನ್ನೊಂದಷ್ಟು ಕೊಡಿ.”

“ಪಂಚರ್ ಆಗಿತ್ತೇನ್ರಿ? ಎಲ್ಲಿ? ಯಾವಾಗ?”

“ಬೆಳಿಗ್ಗೆ. ದ್ರಾಕ್ಷಿ ತೋಟದ ಹತ್ರ.”

“ಅಣ್ಣಾರಿಗೆ ಗೊತ್ತೈತ್ರಿ?”

ಟೀಚರಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು. ಅವರ ಮನಸ್ಸಿನಲ್ಲಿ ಆಗಲೇ ಬೇರೆ ಏನೋ ಇತ್ತು, ಸೋಮವಾರದ ಪಾಠವೋ, ಸಂಜೆಯ ಅಡುಗೆಯೋ.

“ಅವನಿಗೆ ಯಾಕೆ? ಹೇಳೋ ಅಂಥದ್ದೇನಾಯ್ತು?” ಎಂದು ಕೈ ಚಾಚಿದರು. ನಾನು ದಾರ ಕೊಟ್ಟೆ.